ಗುಡ್ಡದ ನಾಡಿನ ಚರಗ

ಹೋದ ತಿಂಗಳು ಜೇವರ್ಗಿಯಿಂದ ಫೋನ್ ಬಂದಾಗ ನಾನು ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ. "ದೊಡ್ಡವ್ವ ಹೋಗಿಬಿಟ್ಟಳ್ರಿ, ನಸುಕಿನ್ಯಾಗ" ಎಂದ ಅವಳ ತಂಗಿಯ ಮಗ. ನಾನು "ಹೂಂ" ಎಂದೆ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ನಿಮಗೆ ಗೊತ್ತು. ಎದುರು ಕೂತವರ ಜೊತೆಗೂ ಹೆಚ್ಚು ಬರುವುದಿಲ್ಲ. ಅದಕ್ಕೇ ಮೊಮ್ಮಕ್ಕಳೇ, ನೀವು ಕಲಬುರಗಿಯಿಂದ ಎಳ್ಳ ಅಮಾವಾಸ್ಯೆಗೆ ಊರಿಗೆ ಬರುವುದರೊಳಗೆ ಇದನ್ನು ಬರೆದಿಡುತ್ತಿದ್ದೇನೆ.

ಅವಳು ಎಂದರೆ, ಹೋದ ವರ್ಷ ನಮ್ಮೂರು ಕಿಣ್ಣಿ ಸುಲ್ತಾನದ ಹೊಲಕ್ಕೆ ಬಂದು ನಿಮ್ಮ ಚಿಕ್ಕಜ್ಜನ ಜೊತೆ ಜೋರು ದನಿಯಲ್ಲಿ ಮಾತಾಡಿದ ಹಸಿರು ಬಳೆಯ ಅಜ್ಜಿ. ನೀವು ಹೆದರಿ ಟ್ರ್ಯಾಕ್ಟರಿನ ಹಿಂದೆ ನಿಂತಿದ್ದಿರಿ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. "ಹೆಸರು ಹೇಳಿದ್ರ ಅಡ್ಡಹೆಸರು ಕೇಳ್ತಾರ, ಅಡ್ಡಹೆಸರು ಹೇಳಿದ್ರ ಓಣಿ ಕೇಳ್ತಾರ" ಎಂದು ಅವಳೇ ಯಾರಿಗೂ ಬೇಗ ಹೆಸರು ಹೇಳುತ್ತಿರಲಿಲ್ಲ. ನಾನು ಕೊನೆಯವರೆಗೂ ಸಿಸ್ಟರ್ ಎಂದೇ ಕರೆದೆ.

ಅವಳ ಮಣ್ಣಿಗೆ ಹೋಗಿ ಬಂದ ಮರುದಿನವೇ ನಿಮ್ಮ ಚಿಕ್ಕಜ್ಜ, ಅಂದರೆ ನನ್ನ ಮೈದುನ, ಬಂದು ಕಟ್ಟೆಯ ಮೇಲೆ ಕೂತ.

"ಆಕಿ ಹ್ವಾದಳು, ಪಾಪ. ಇನ್ನ ಹೋದ ವರ್ಷದ ಗದ್ದಲ ಬ್ಯಾಡ ವೈನಿ. ಅಮಾಸಿ ದಿನ ನೀವು ಮನ್ಯಾಗ ಇರ್ರಿ. ಅಡಗಿ ಮಾಡಿ ಕಳಸ್ರಿ, ಚರಗ ನಾ ಚೆಲ್ತೇನಿ."

ನಾನು ಶೇಂಗಾ ಸಿಪ್ಪೆ ಗುಡಿಸುತ್ತಿದ್ದೆ. ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಅವನು ಅದನ್ನು ಹೂಂ ಎಂದೇ ತಿಳಿದು ಎದ್ದು ಹೋದ. ನನ್ನ ಜೀವನದಲ್ಲಿ ಬಹಳ ಮಂದಿ ಹೀಗೆಯೇ ಎದ್ದು ಹೋಗಿದ್ದಾರೆ.

ನಿಮಗೆ ಎಳ್ಳ ಅಮಾವಾಸ್ಯೆ ಎಂದರೆ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮತ್ತು ಇಡೀ ದಿನ ಹೊಲದಲ್ಲಿ ಆಟ. ಅದು ಯಾಕೆ ಎಂದು ನಾನು ಹೇಳಿರಲಿಲ್ಲ. ಆ ಹೊತ್ತಿಗೆ ಜೋಳ ತೆನೆ ಹಿಡಿಯುತ್ತಿರುತ್ತದೆ. ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆಯ ಊಟ ಹಾಕುವ ಹಾಗೆ ನಾವು ಹೊಲಕ್ಕೆ ಊಟ ಹಾಕುತ್ತೇವೆ. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು, ಸುಣ್ಣ ಹಚ್ಚಿ, ಪೂಜೆ ಮಾಡಿ, ಎಲ್ಲ ಅಡಿಗೆಯನ್ನೂ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಬೆಳೆಯ ಸುತ್ತ ಚೆಲ್ಲುತ್ತ, "ಹುಲ್ಲುಲ್ಲಿಗ್ಯೋ… ಚಳಂಬ್ರಿಗ್ಯೋ…" ಎಂದು ಕೂಗುತ್ತೇವೆ. ಅದೇ ಚರಗ. ಮನೆಯ ಗಂಡಸು ಚೆಲ್ಲುತ್ತಾನೆ, ಮುತ್ತೈದೆ ಭೂಮಿಯ ಉಡಿ ತುಂಬುತ್ತಾಳೆ. ಗಂಡ ತೀರಿದವಳು ಬಸುರಿಯ ಮುಂದೆ ನಿಲ್ಲಬಾರದು, ಆದ್ದರಿಂದ ಹೊಲದ ಮುಂದೆಯೂ ನಿಲ್ಲಬಾರದು. ಅವಳು ನಸುಕಿನಿಂದ ರೊಟ್ಟಿ ಬಡಿಯಬಹುದು. ಅದಕ್ಕೆ ಅಡ್ಡಿಯಿಲ್ಲ.

ಸಿಸ್ಟರನ್ನು ನಾನು ಮೊದಲು ನೋಡಿದ್ದು ಈ ನೆಲದಿಂದ ಬಹಳ ದೂರ, ಭೂತಾನದಲ್ಲಿ. ನಿಮ್ಮ ಅಜ್ಜ ಗಣಿತದ ಮಾಸ್ತರರು. ಆ ದೇಶದ ಶಾಲೆಗಳಿಗೆ ಇಲ್ಲಿಂದ ಮಾಸ್ತರರನ್ನು ಕರೆಸಿಕೊಳ್ಳುತ್ತಿದ್ದ ಕಾಲ ಅದು. ಅವರು ಹೊರಟರು, ನಾನು ಹಿಂದೆ ಹೊರಟೆ. ಅಲ್ಲಿಯವರೆಗೆ ನಾನು ಕಲಬುರಗಿ ನೋಡಿದ್ದೇ ಮದುವೆಯ ಜವಳಿಗೆ ಹೋದಾಗ.

ನಮ್ಮದು ಕರಿಮಣ್ಣಿನ ಬಯಲು. ಇಲ್ಲಿ ನಿಂತರೆ ಅಫಜಲಪುರದ ಕಡೆಯಿಂದ ಬರುವ ಮಳೆ ಊರು ಮುಟ್ಟುವ ಮೊದಲೇ ಕಾಣುತ್ತದೆ. ಅಲ್ಲಿ ಮನೆಯ ಬಾಗಿಲು ತೆರೆದರೆ ಗುಡ್ಡ, ಹಿತ್ತಲ ತೆರೆದರೆ ಗುಡ್ಡ. ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತಿತ್ತು. ಬೇಳೆ ಬೇಯಲು ಅರ್ಧ ದಿನ. ಕೋಣೆಯ ನಡುವೆ ಬುಖಾರಿ ಎಂಬ ಕಬ್ಬಿಣದ ಒಲೆ, ಅದರ ಸುತ್ತ ನಮ್ಮ ಸಂಸಾರ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಉಪ್ಪಿಗೂ ಕಾಯಬೇಕು. ಚಹಾಕ್ಕೆ ಬೆಣ್ಣೆ ಮತ್ತು ಉಪ್ಪು ಹಾಕುತ್ತಿದ್ದರು. ಗಂಡಸರು ಮೊಣಕಾಲುದ್ದದ ನಿಲುವಂಗಿ ಹಾಕಿಕೊಂಡು ಬಿಲ್ಲುಬಾಣ ಆಡುತ್ತಿದ್ದರು, ಗುರಿ ತಾಗಿದರೆ ಕುಣಿಯುತ್ತಿದ್ದರು. ಮಾತಿನ ಕೊನೆಗೆ ಮರ್ಯಾದೆಗೆಂದು "ಲಾ" ಸೇರಿಸುತ್ತಿದ್ದರು, ನಾವು "ರಿ" ಅಂದಂತೆ. ನನಗೆ ಆ ದೇಶದಲ್ಲಿ ಮೊದಲು ಅರ್ಥವಾದದ್ದು ಅದೊಂದೇ.

ಹೋದ ಹೊಸದರಲ್ಲಿ ನನಗೆ ಜ್ವರ ಬಂತು. ನಿಮ್ಮ ಅಜ್ಜ ಆಸ್ಪತ್ರೆಯಲ್ಲಿ ಬಿಟ್ಟು ಶಾಲೆಗೆ ಹೋದರು. ನನಗೆ ಹಿಂದಿ ಬಾರದು, ಇಂಗ್ಲಿಷ್ ಬಾರದು. ಎಲ್ಲಿ ನೋವು ಎಂದು ಕೇಳಿದರೆ ಏನು ಹೇಳಲಿ ಎಂದು ಬೆವರುತ್ತ ಮಲಗಿದ್ದೆ. ಆಗ ಪಕ್ಕದ ಕೋಣೆಯಿಂದ ಒಂದು ದನಿ ಕೇಳಿತು.

"ತೆರಿ ಲೇ! ಅತ್ತಿ ಮನಸ ಇದ್ದಂಗ ಅದ ಈ ಕಿಟಕಿ, ಎಷ್ಟ ಬಡದ್ರೂ ತೆರ್ಯಂಗಿಲ್ಲ!"

ನಾನು ಅಳುವುದಕ್ಕೇ ಶುರು ಮಾಡಿದೆ. ಬಿಳಿ ಬಟ್ಟೆಯ, ಕಪ್ಪು ಬಣ್ಣದ, ಎತ್ತರದ ಹೆಂಗಸು ಒಳಗೆ ಬಂದಳು. "ಯಾಕ್ ಅಳಾಕತ್ತೀರಿ? ಇನ್ನೂ ಸೂಜಿನೇ ಚುಚ್ಚಿಲ್ಲ" ಎಂದು ಅಭ್ಯಾಸಬಲದಿಂದ ಕನ್ನಡದಲ್ಲೇ ಅಂದು, ನಾನು "ಏನಿಲ್ರಿ" ಎಂದದ್ದು ಕೇಳಿ ಅಲ್ಲೇ ನಿಂತುಬಿಟ್ಟಳು. ಆಮೇಲೆ ಕೈಯಲ್ಲಿದ್ದ ತಾಟು ಬದಿಗಿಟ್ಟು ನನ್ನ ಮಂಚದ ಮೇಲೆ ಕೂತು ನಕ್ಕಳು. "ಯಾ ಊರು ಬೇ?"

ಆ ದಿನವೇ ಹೇಳಿದಳು: "ನಾವು ಜೇವರ್ಗಿ ಕಡಿಯವರು, ಬೌದ್ಧರು. ಹೊಲ ಇಲ್ಲದ ಮನಿ. ಗಂಡ ಸತ್ತಾನ, ಮಕ್ಕಳಿಲ್ಲ. ಕೇಳೂದು ಇನ್ನೂ ಏನರೆ ಉಳಿದಿದ್ರ ಈಗೇ ಕೇಳಿಬಿಡ್ರಿ, ನಾಳಿಗಿ ಇಟ್ಕೋಬ್ಯಾಡ್ರಿ." ನನಗೆ ಕೇಳುವುದು ಏನೂ ಇರಲಿಲ್ಲ. ಇದ್ದರೂ ಕೇಳುವವಳಲ್ಲ ನಾನು. ಅದಕ್ಕೇ ನನ್ನನ್ನು ಮೌನವ್ವ ಎಂದು ಕರೆಯಲು ಹತ್ತಿದಳು.

ಅವಳ ಬಳೆಗಳ ಬಗ್ಗೆ ಹೇಳಬೇಕು. ಗಾಣಗಾಪುರದ ಗುಡಿಯ ಮುಂದಿನ ಅಂಗಡಿಯಿಂದ ತಂದ ಹಸಿರು ಗಾಜಿನ ಬಳೆಗಳು. ಆಸ್ಪತ್ರೆಯೊಳಗೆ ಬಳೆ ಹಾಕುವಂತಿಲ್ಲ. ಡ್ಯೂಟಿ ಮುಗಿದ ಕೂಡಲೇ ಗೇಟಿನ ಹತ್ತಿರ ನಿಂತು, ಜೇಬಿನಿಂದ ತೆಗೆದು, ಹೋಗಿ ಬರುವವರೆಲ್ಲ ನೋಡುವ ಹಾಗೆ ಒಂದೊಂದನ್ನೇ ಕೈಗೆ ಏರಿಸುತ್ತಿದ್ದಳು. ಆಮೇಲೆ ಕೈ ಒಮ್ಮೆ ಝಾಡಿಸುತ್ತಿದ್ದಳು. ನಮ್ಮ ಮನೆ ಗೇಟಿನ ಎದುರಿಗೇ ಇತ್ತು, ಆ ಸದ್ದು ಕೇಳಿ ನಾನು ಚಹಾಕ್ಕೆ ನೀರಿಡುತ್ತಿದ್ದೆ.

ಒಮ್ಮೆ ನಾನೇ ಧೈರ್ಯ ಮಾಡಿ, ಊರಲ್ಲಿ ಇದಕ್ಕೆ ಯಾರೂ ಏನೂ ಅನ್ನಲಿಲ್ಲವೇ ಎಂದೆ. "ಅಂದ್ರು. ನಮ್ಮತ್ತಿ ಕಲ್ಲ ತಗೊಂಡು ಒಡಿಯಾಕ ಬಂದಿದ್ಲು. ನಾ ಅಂದೆ, ಬಳಿ ನನ್ನ ಕೈಗಿ ಹಾಕ್ಕೊಂಡೇನಿ, ನಿನ್ನ ಮಗನ ಕೈಗಲ್ಲ." ಆಮೇಲೆ ತವರಿಗೆ ಬಂದು, ನರ್ಸಿಂಗ್ ಕಲಿತು, ಯಾರೂ ಬರಲೊಲ್ಲದ ಈ ಗುಡ್ಡಕ್ಕೆ ತಾನೇ ಅರ್ಜಿ ಹಾಕಿಕೊಂಡು ಬಂದಿದ್ದಳು.

ಅವಳು ದೇವತೆಯೇನಲ್ಲ. ಡಬ್ಬಿ ಒಯ್ದರೆ ಮರಳಿ ಕೊಡುತ್ತಿರಲಿಲ್ಲ. ನನ್ನ ಶೇಂಗಾ ಹಿಂಡಿ ಚಟ್ನಿಯನ್ನು ಬೆರಳಿನಿಂದ ತೆಗೆದು ತಿನ್ನುತ್ತಿದ್ದಳು. ನಾನು ಬೆಳಗ್ಗೆ ಲಿಂಗಪೂಜೆಗೆ ಕೂತರೆ ಎದುರಿಗೇ ಕೂತು, "ಜಲ್ದಿ ಮುಗಸ್ರಿ, ನಿಮ್ಮ ದೇವರಿಗೂ ಚಳಿ ಆಗಾಕತ್ತದ" ಎನ್ನುತ್ತಿದ್ದಳು. ಜಗಳ ಹುಡುಕಿಕೊಂಡು ಹೋಗುತ್ತಿದ್ದಳು. ಆದರೆ ಬೆನ್ನಿಗೆ ಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು, ರಬ್ಬರ್ ಬೂಟು ಹಾಕಿಕೊಂಡು ಗುಡ್ಡ ಹತ್ತಲು ಹೊರಟರೆ ಅಲ್ಲಿಯ ಮಂದಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅವರ ಮನೆಗಳ ಮಾಡಿನ ಮೇಲೆ ಮೆಣಸಿನಕಾಯಿ ಕೆಂಪಗೆ ಹರಡಿರುತ್ತಿತ್ತು. ಮೆಣಸಿನಕಾಯಿಯನ್ನೇ ಪಲ್ಯ ಮಾಡಿ ಉಣ್ಣುವ ಮಂದಿ. "ಇವರು ನಮ್ಮವರೇ ಬೇ, ದಾರಿ ತಪ್ಪಿ ಗುಡ್ಡ ಹತ್ಯಾರ" ಎನ್ನುತ್ತಿದ್ದಳು.

ಅವಳಿಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಪದ್ಧತಿ. ಆ ಕಣಿವೆಯಲ್ಲಿ ಮನೆ ಮತ್ತು ಹೊಲ ತಾಯಿಯಿಂದ ಮಗಳಿಗೆ ಬರುತ್ತಿದ್ದವು. ಮದುವೆಯಾದರೆ ಗಂಡು ಹೆಣ್ಣಿನ ಮನೆಗೆ ಬರುತ್ತಿದ್ದ. "ನೋಡ್ರಿ ಅಲ್ಲಿ, ಅಳಿಯ ಗಂಟು ಹೊತ್ಕೊಂಡು ಹೊಂಟಾನ. ಹ್ಯಾಂಗ ನೆಲ ನೋಡ್ಕೊಂತ ನಡದಾನ ನೋಡ್ರಿ, ಥೇಟ್ ನಿಮ್ಮಂಗ!"

ಒಂದು ಚಳಿಗಾಲ ನಾವು ಊರಿಗೆ ಬರಲಾಗಲಿಲ್ಲ. ಶಾಲೆಗೆ ರಜೆ ಇತ್ತು, ಆದರೆ ನಿಮ್ಮ ಅಪ್ಪ ಕೈಗೂಸು, ಕೆಮ್ಮು ಹಿಡಿದಿತ್ತು. ಅಷ್ಟು ದೂರ ಒಯ್ಯಬೇಡಿ ಎಂದವಳು ಸಿಸ್ಟರೇ. ಎಳ್ಳ ಅಮಾವಾಸ್ಯೆ ಹತ್ತಿರ ಬಂದ ಹಾಗೆ ನನಗೆ ಊಟ ಸೇರದಾಯಿತು. ಅವಳು ಅದನ್ನು ಗಮನಿಸಿ, "ಚರಗ ಚೆಲ್ಲೂಣು ನಡ್ರಿ" ಎಂದಳು.

"ಹೊಲ ಎಲ್ಲಿ ಅದ ನಮಗ ಇಲ್ಲಿ?"

"ನನಗ ಅಲ್ಲಿನೂ ಇರಲಿಲ್ಲ. ಸಣ್ಣಾಕಿ ಇದ್ದಾಗ ಸಾಹುಕಾರ್ರ ಚರಗದ ಬುಟ್ಟಿ ಹೊತ್ಕೊಂಡು ಹೋಗಾಕಿ ನಾನು, ಬದುವಿನ ಮ್ಯಾಲೆ ಇಳಿಸಿ ಹಿಂದ ಸರಿಯಾಕಿ. ಇಲ್ಲಿ ಯಾರ ಹಿಂದ ಸರೀಲಿ?"

ಅಡಿಗೆ ಮಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಸಜ್ಜೆ ಸಿಗಲಿಲ್ಲ. ಅಲ್ಲಿಯ ಯಾವುದೋ ಗುಡ್ಡದ ಕಪ್ಪು ಕಾಳಿನ ಹಿಟ್ಟು ತಂದೆವು. ಊರಿಂದ ಒಯ್ದಿದ್ದ ಜೋಳದ ಹಿಟ್ಟು ಹಳೆಯದಾಗಿ ಜಿಗಿ ಕಳೆದುಕೊಂಡಿತ್ತು, ಬಡಿದರೆ ರೊಟ್ಟಿ ನಾಲ್ಕು ಕಡೆ ಸೀಳುತ್ತಿತ್ತು. ನಾನು ಕಣ್ಣಲ್ಲಿ ನೀರು ತಂದುಕೊಂಡೆ. "ನಿಮಗ ಬರಂಗಿಲ್ಲ ಅಂತಲ್ಲ, ಹಿಟ್ಟು ಮುದುಕಿ ಆಗ್ಯದ" ಎಂದು ಅವಳು ಅದಕ್ಕೆ ಬಿಸಿ ಅನ್ನ ಹಿಸುಕಿ ಹಾಕಿದಳು. ಭಜ್ಜಿ ಪಲ್ಯಕ್ಕೆ ಸಾಸಿವೆ ಸೊಪ್ಪು, ಗಜ್ಜರಿ, ಒಣ ಬಟಾಣಿ. ಬಣ್ಣ ಭಜ್ಜಿಯದಲ್ಲ, ಆದರೆ ಹುಣಸೆ ಹಣ್ಣು ಬಿದ್ದ ಮೇಲೆ ವಾಸನೆ ಮಾತ್ರ ನಮ್ಮ ಹೊಲದ್ದೇ.

ಆಸ್ಪತ್ರೆಯ ಕೆಳಗೆ ಒಂದು ಹೊಲವಿತ್ತು. ಭತ್ತ ಕೊಯ್ದು ಗೋಧಿ ಬಿತ್ತಿದ್ದರು, ಗೇಣುದ್ದ ಬೆಳೆದಿತ್ತು. ನಿಮ್ಮ ಅಜ್ಜ ಮಗನನ್ನು ಎದೆಗೆ ಕಟ್ಟಿಕೊಂಡು ಬದುವಿನ ಮೇಲೆ ಕೂತರು. ನಾನು ಐದು ಕಲ್ಲು ಇಟ್ಟೆ. ಸಿಸ್ಟರ್ ಗೋಧಿಯನ್ನು ನೋಡಿ, "ಇನ್ನೂ ಮೂರು ತಿಂಗಳ ಬಸುರಿ, ನಡೀತದ" ಎಂದು ಬುಟ್ಟಿ ಎತ್ತಿಕೊಂಡಳು. ಬುಟ್ಟಿ ಹಿಡಿದವಳಿಗೆ ಗಂಡನಿಲ್ಲ. ನಿಮ್ಮ ಅಜ್ಜನ ಮುಖ ನೋಡಿದೆ. ಅವರು ಕೂಸಿನ ಟೊಪ್ಪಿಗೆ ಸರಿಮಾಡುತ್ತಿದ್ದರು. ಅಷ್ಟರಲ್ಲಿ ಅವಳು ಚೆಲ್ಲುತ್ತ ಹೊರಟೇಬಿಟ್ಟಳು. "ಹುಲ್ಲುಲ್ಲಿಗ್ಯೋ…" ಎಂದು ಅವಳು ಕೂಗಿದರೆ ಎದುರಿನ ಗುಡ್ಡ ತಿರುಗಿ ಕೂಗುತ್ತಿತ್ತು. "ಒದರ್ರಿ ಮೌನವ್ವ, ಗುಡ್ಡನೇ ಒದರಾಕತ್ತದ, ನಿಮಗೇನಾಗ್ಯದ?" ನನ್ನ ಬಾಯಿಂದ ಗಾಳಿ ಮಾತ್ರ ಬಂತು.

ಹೊಲದ ಒಡತಿ ಸನಿಕೆ ಹಿಡಿದು ಓಡಿ ಬಂದಳು. ಮೋಟು ಕೂದಲಿನ, ಎಲೆ ಅಡಿಕೆಯಿಂದ ಬಾಯಿ ಕೆಂಪಾದ ಮುದುಕಿ. ತನ್ನ ಬೆಳೆಗೆ ಅನ್ನ ಎರಚಿ ಯಾರೋ ಮಾಟ ಮಾಡುತ್ತಿದ್ದಾರೆ ಎಂದು ತಿಳಿದಿರಬೇಕು. ಸಿಸ್ಟರ್ ಹೆದರಲಿಲ್ಲ. ನೆಲ ತೋರಿಸಿದಳು, ತನ್ನ ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ಗುಂಡು ಮಾಡಿದಳು, ಕೂಸು ತೂಗಿ ತೋರಿಸಿದಳು, ಬುಟ್ಟಿ ತೋರಿಸಿದಳು. ಮುದುಕಿ ಸನಿಕೆ ಕೆಳಗಿಟ್ಟಳು. ಸಿಸ್ಟರಿನ ಹೊಟ್ಟೆಯ ಮೇಲೆ ಕೈಯಿಟ್ಟು, ಬಾಯಿ ತುಂಬ ನಕ್ಕು, ಅವಳ ಎರಡೂ ಕೆನ್ನೆ ಹಿಡಿದಳು.

ಸಂಜೆಯಾಗುವುದರೊಳಗೆ ಸಿಸ್ಟರ್ ಬಸುರಿ ಎಂದು ಇಡೀ ಕಣಿವೆಗೆ ಗೊತ್ತಾಯಿತು. ಮನೆಮನೆಯಿಂದ ಮೊಟ್ಟೆ ಬಂದವು, ಬೆಣ್ಣೆ ಬಂತು. ಯಾರೂ ಕೂಸಿನ ಅಪ್ಪ ಯಾರು ಎಂದು ಕೇಳಲಿಲ್ಲ. ಕೇಳಿದವರು ನಮ್ಮ ದೇಶದವರು. ನಿಮ್ಮ ಅಜ್ಜನ ಜೊತೆಯ ಹಿರಿಯ ಮಾಸ್ತರರೊಬ್ಬರು, ಉತ್ತರದ ಕಡೆಯವರು, ಮುಖ ಗಂಟು ಹಾಕಿಕೊಂಡು ನಮ್ಮ ಮನೆಗೆ ಬಂದರು. ನಮ್ಮವರೆಲ್ಲರ ಮಾನ ಹೋಯಿತು, ಗಂಡನಿಲ್ಲದ ಹೆಂಗಸಿಗೆ ಇದು ಶೋಭೆಯೇ ಎಂದು ಹಿಂದಿಯಲ್ಲಿ ಶುರು ಮಾಡಿದರು. ಒಳಗೆ ಸಿಸ್ಟರ್ ಅದೇ ಬೆಣ್ಣೆಯನ್ನು ಕಾಯಿಸುತ್ತಿದ್ದಳು. ಸೌಟು ಹಿಡಿದು ಹೊರಗೆ ಬಂದಳು. ಅವಳ ಹಿಂದಿ ಎಂದರೆ ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದಿ. ಅವಳು ಅಂದದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಹೌದ್ರಿ ಗುರುಗಳೇ, ಖರೇ ಸುದ್ದಿ. ಮೂರು ತಿಂಗಳ ಆಗ್ಯಾವ. ಹೆರಿಗಿ ಆದಮ್ಯಾಲ ನಿಮ್ಮ ಮನಿಗಿ ಹಿಟ್ಟು ಕಳಸ್ತೇನಿ."

ನಿಮ್ಮ ಅಜ್ಜನಿಗೆ ಚಹಾ ಮೂಗಿಗೆ ಹತ್ತಿತು.

ಮರುದಿನ ಅಲ್ಲಿಯ ಒಬ್ಬ ಕಂಪೌಂಡರನ್ನು ಕರೆದುಕೊಂಡು ಹೋಗಿ ಸಿಸ್ಟರ್ ಮುದುಕಿಗೆ ಎಲ್ಲ ಬಿಡಿಸಿ ಹೇಳಿದಳು: ಬಸುರು ನನಗಲ್ಲ, ನಿಮ್ಮ ಹೊಲಕ್ಕೆ. ನಾನೂ ಜೊತೆಗಿದ್ದೆ. ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊಟ್ಟೆ ಮರಳಿ ಕೇಳಲಿಲ್ಲ. ಸಿಸ್ಟರಿಗೆ ಏನನ್ನಿಸಿತೋ, "ನಮ್ಮ ಕಡಿ ಗಂಡ ಇಲ್ಲದಾಕಿ ಇದನ್ನ ಮಾಡಬಾರದು ಅಂತಾರ, ನನಗ ಗಂಡ ಇಲ್ಲ" ಎಂದು ಹೇಳಿಸಿದಳು. ಮುದುಕಿಗೆ ಅದು ಅರ್ಥವೇ ಆಗಲಿಲ್ಲ. ಕಂಪೌಂಡರ್ ಎರಡು ಸಲ ಹೇಳಬೇಕಾಯಿತು. ಆಮೇಲೆ ಅವಳು ತನ್ನ ಎದೆ ತೋರಿಸಿ ಏನೋ ಅಂದಳು. ಕಂಪೌಂಡರ್ ಹೇಳಿದ: "ನನಗೂ ಗಂಡ ಇಲ್ಲ. ಹೊಲ ಇದೆ, ಎನ್ನುತ್ತಾಳೆ."

ಸಿಸ್ಟರ್ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಳು. "ಗಂಡ ಇಲ್ಲ, ಹೊಲ ಅದ. ಎಷ್ಟ ಸಲೀಸ ಅಂದಳು ನೋಡ್ರಿ! ಗಂಡ ಇಲ್ಲ, ಹೊಲ ಅದ." ಬೇಸಿಗೆಯಲ್ಲಿ ಗೋಧಿ ಬಂತು. ಮುದುಕಿ ಒಂದು ಚೀಲ ಕೊಟ್ಟಳು. ಸಿಸ್ಟರ್ ಅದನ್ನು ಬೀಸಿಸಿ ಹಿರಿಯ ಮಾಸ್ತರರ ಮನೆಗೆ ಹಿಟ್ಟು ಕಳಿಸಿದಳು. ಕೊಟ್ಟ ಮಾತು ತಪ್ಪುವವಳಲ್ಲ.

ನಾವು ತಿರುಗಿ ಬಂದೆವು. ಅವಳು ಬಹಳ ವರ್ಷ ಅಲ್ಲೇ ಇದ್ದು, ನಿವೃತ್ತಿಯಾಗಿ ಜೇವರ್ಗಿಯಲ್ಲಿ ತಂಗಿಯ ಮನೆಗೆ ಬಂದಳು. ನಿಮ್ಮ ಅಜ್ಜ ತೀರಿಕೊಂಡ ವರ್ಷ ಅಮಾವಾಸ್ಯೆಗೆ ನಾನು ಮನೆಯಲ್ಲಿ ಕೂತೆ. ರೊಟ್ಟಿ ಬಡಿದು ಕಳಿಸಿದೆ. ಬಾಗಿಲಲ್ಲಿ ನಿಂತರೆ ಹೊಲದ ಕಡೆಯಿಂದ ಮೈದುನನ ಕೂಗು ಕೇಳುತ್ತಿತ್ತು. ಆ ಹೊಲ ನಿಮ್ಮ ಅಜ್ಜನ ಪಾಲಿಗೆ ಬಂದದ್ದು, ಅವರು ಹೋದ ಮೇಲೆ ನನ್ನ ಹೆಸರಿಗಾದದ್ದು. ಬಿತ್ತಿಸಿದವಳು ನಾನು. ಕಳೆ ತೆಗೆಸಿದವಳು ನಾನು. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಫೋನಿನಲ್ಲಿ ಅವಳೊಬ್ಬಳಿಗೆ ಬಿಟ್ಟು. ಅವಳು, "ಮುಂದಿನ ವರ್ಷ ಬರ್ತೇನಿ" ಎಂದಳು.

ಬಂದಳು. ಬಸ್ಸಿಳಿದು ಬಂದವಳೇ ನನ್ನ ಕೈ ನೋಡಿದಳು. ಚೀಲದಿಂದ ಹಸಿರು ಬಳೆ ತೆಗೆದಳು. "ಮಂದಿ ಏನಂತಾರ" ಎಂದೆ. "ಮಂದಿ ಕೈಗಿ ಹಾಕಂಗಿಲ್ಲ, ತಡೀರಿ" ಎಂದು ಎರಡು ಏರಿಸಿಯೇ ಬಿಟ್ಟಳು. ಗೋಡೆಯ ಮೇಲಿನ ಶರಣರ ಪಟ ನೋಡಿ, "ಮಾತು ಇವರದು, ನಡತಿ ಬ್ಯಾರೇರದು. ಹ್ಯಾಂಗ ನಿಭಾಯಿಸ್ತೀರಿ ನೀವು?" ಎಂದಳು.

ಹೊಲದಲ್ಲಿ ಆದದ್ದನ್ನು ನೀವು ನೋಡಿದಿರಿ. ಟ್ರ್ಯಾಕ್ಟರಿನ ಹಿಂದೆ ಎಲ್ಲ ಕೇಳಿಸಿರಲಿಕ್ಕಿಲ್ಲ. ಮೈದುನ ಚರಗದ ಬುಟ್ಟಿ ಹಿಡಿದಿದ್ದ.

"ಬುಟ್ಟಿ ಆಕಿ ಕೈಯಾಗ ಕೊಡ್ರಿ" ಎಂದಳು ಸಿಸ್ಟರ್.

"ನಮ್ಮ ಹೊಲದಾಗ ಹೇಳಾಕ ನೀವ್ಯಾರ್ರಿ?"

"ನಾ ಯಾರೂ ಅಲ್ಲ. ಹೊಲ ಯಾರದು?"

"ವೈನಿದು" ಎಂದ ಅವನು.

"ಮತ್ತ? ಗಂಡ ಇಲ್ಲ, ಹೊಲ ಅದ."

"ಭೂಮಿ ಬಸುರಿ ಇದ್ದಾಗ ಗಂಡ ಸತ್ತಾಕಿ ಮುಂದ ನಿಂದರಬಾರದ್ರಿ. ಹಿರ್ಯಾರು ಮಾಡಿದ್ದು."

ಸಿಸ್ಟರ್ ಎರಡೂ ಕೈ ಅವನ ಮುಂದೆ ಚಾಚಿದಳು. ಬಳೆಗಳು ಸದ್ದು ಮಾಡಿದವು. "ಈ ಕೈಯಾಗ ಎಷ್ಟ ಹೆರಿಗಿ ಆಗ್ಯಾವ ನನಗೇ ನೆನಪಿಲ್ಲ. ಬ್ಯಾನಿ ತಿನ್ನಾಕಿ ಯಾರೂ ನನ್ನ ಹಣಿ ನೋಡಿಲ್ಲ ತಮ್ಮಾ. ಕೈ ಗಟ್ಟಿ ಹಿಡಕೊಂಡಾರ."

ಅವನು ಬುಟ್ಟಿಯನ್ನು ನನಗೆ ಕೊಡಲಿಲ್ಲ, ನೆಲದ ಮೇಲೆ ಇಟ್ಟ. ನಾನು ಎತ್ತಿಕೊಂಡೆ. ಜೋಳ ನನ್ನ ತಲೆಗಿಂತ ಎತ್ತರ ಇತ್ತು. ಒಳಗೆ ಹೋದ ಮೇಲೆ ಯಾರ ಮುಖವೂ ಕಾಣಲಿಲ್ಲ, ಅದು ಬಹಳ ಹಿತವಾಗಿತ್ತು. ನಾನು ಚೆಲ್ಲಿದೆ, ಹಿಂದೆ ಅವಳು ಕೂಗಿದಳು. ದನಿ ಒಡೆದಿತ್ತು, ನಡುವೆ ಕೆಮ್ಮುತ್ತಿದ್ದಳು. "ಮುಂದಿನ ವರ್ಷ ನೀವೇ ಒದರಬೇಕು ಮೌನವ್ವ. ನನ್ನ ಗಂಟಲ ಹ್ವಾಗ್ಯದ."

ಈಗ ಮುಂದಿನ ವರ್ಷ ಬಂದಿದೆ, ಅವಳು ಇಲ್ಲ. ಅವಳಿದ್ದರೆ ಮಾತ್ರ ನಾನು ನಿಲ್ಲುತ್ತೇನೆ ಎಂದು ನಿಮ್ಮ ಚಿಕ್ಕಜ್ಜ ತಿಳಿದಿದ್ದಾನೆ. ನಾನೂ ಹಾಗೆಯೇ ತಿಳಿದಿದ್ದೆ. ಅವನು ಕೆಟ್ಟವನಲ್ಲ, ನನ್ನ ಜ್ವರಕ್ಕೆ ಆಳಂದದಿಂದ ಗುಳಿಗೆ ತಂದುಕೊಡುವವನು ಅವನೇ. ಆದರೆ ಹೊಲ ನನ್ನದು, ಬಸುರಿ ನನ್ನವಳು, ಊಟ ನಾನೇ ಹಾಕುತ್ತೇನೆ.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲಿಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ ಕೂಗಿ ನೋಡಿದೆ. ಮೊದಲ ಸಲ ಗಾಳಿ ಬಂತು. ಎರಡನೆಯ ಸಲ ದನಿ ಬಂತು, ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. ಮೇವು ತಿನ್ನುತ್ತಿದ್ದ ಎಮ್ಮೆ ಬಾಯಿ ನಿಲ್ಲಿಸಿ ನನ್ನನ್ನು ನೋಡಿತು. ಗೋಡೆಯ ಆಚೆಯಿಂದ ನಿಮ್ಮ ಚಿಕ್ಕಜ್ಜಿ ಗಾಬರಿಯಾಗಿ ಕೇಳಿದಳು:

"ಏನಾತ ಅಕ್ಕಾ? ಹಾವು ಗೀವು ಬಂತೇನು?"

"ಏನಿಲ್ಲ ಬೇ" ಎಂದೆ, ಓಣಿಗೆಲ್ಲ ಕೇಳುವ ಹಾಗೆ. "ಚರಗಕ್ಕ ದನಿ ತಯಾರ ಮಾಡಾಕತ್ತೇನಿ. ನಿನ್ನ ಗಂಡಗ ಹೇಳು."